ಜಾಲ ಕಾಯುವ ಏಜೆಂಟ್‌ಗೆ ನಾವು ಬರೆದುಕೊಡುವ ಮಾತು

ನಿಮ್ಮ ಊರಿನ ಕರೆಂಟ್ ಕಂಬವನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಹಿಂದೂಪುರದ ಕಡೆಯದಾದರೂ ಸರಿ, ಕಲ್ಯಾಣದುರ್ಗದ ಕಡೆಯದಾದರೂ ಸರಿ. ಮೇಲುಗಡೆ ವಿದ್ಯುತ್ ತಂತಿ. ಅದರ ಕೆಳಗೆ, ಕಂಬದಿಂದ ಕಂಬಕ್ಕೆ ಇನ್ನೊಂದು ಕಪ್ಪು ಕೇಬಲ್. ಅದರೊಳಗೆ ಹರಿಯುವುದು ಬೆಳಕು. ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆಯಲ್ಲಿ ಅದು ಓಡುತ್ತದೆ. ಮನೆಯ ಟಿವಿ, ಮಕ್ಕಳ ಆನ್‌ಲೈನ್ ಪಾಠ, ಗ್ರಾಮ ಸಚಿವಾಲಯದ ಅರ್ಜಿ ಎಲ್ಲವೂ ಆ ಬೆಳಕಿನ ಮೇಲೆ ನಿಂತಿವೆ. ಹಿಂದೂಪುರದ ಮಾರುಕಟ್ಟೆಯಲ್ಲಿ ರೇಷ್ಮೆ ಗೂಡು ಮಾರಿದ ರೈತ ದುಡ್ಡು ಬ್ಯಾಂಕಿಗೆ ಬಂತೇ ಎಂದು ಫೋನಿನಲ್ಲಿ ನೋಡುತ್ತಾನಲ್ಲ, ಅದೂ ಇಂಥದೇ ಒಂದು ಎಳೆಯ ಮೇಲೆ.

ಆಂಧ್ರಪ್ರದೇಶದ ಫೈಬರ್‌ನೆಟ್ ಯೋಜನೆ ನಿಮಗೆ ಗೊತ್ತಿರುತ್ತದೆ. 2017ರ ಡಿಸೆಂಬರ್ 27ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ಉದ್ಘಾಟಿಸಿದರು. ತಿಂಗಳಿಗೆ 149 ರೂಪಾಯಿಗೆ ಇಂಟರ್‌ನೆಟ್, ಟಿವಿ, ಫೋನ್ ಮೂರೂ ಕೊಡುತ್ತೇವೆ ಎಂದು ಆಗ ಹೇಳಿದ್ದರು. ನೆಲ ಅಗೆದು ಕೇಬಲ್ ಹೂಳುವುದಕ್ಕೆ ದುಡ್ಡೂ ಹೆಚ್ಚು, ಕಾಲವೂ ಹೆಚ್ಚು. ಆದ್ದರಿಂದ ಕರೆಂಟ್ ಕಂಬಗಳನ್ನೇ ಆಸರೆ ಮಾಡಿಕೊಂಡು 20 ಸಾವಿರ ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಎಳೆದರು. ಸಬ್‌ಸ್ಟೇಷನ್‌ಗಳಲ್ಲಿ ಯಂತ್ರಗಳನ್ನು ಇಟ್ಟರು. ಅಲ್ಲಿಂದ ನಿಮ್ಮ ಮನೆಯವರೆಗೆ ತಲುಪಿಸುವವರು ನಿಮ್ಮೂರಿನ ಕೇಬಲ್‌ನವರು. ಇಡೀ ಜಾಲದ ಮೇಲೆ ಕಣ್ಣಿಡುವ ಕೇಂದ್ರ ಇರುವುದು ದೂರದ ವಿಶಾಖಪಟ್ಟಣದಲ್ಲಿ.

ಇಂದು ನಾನು ಮಾತನಾಡುವುದು ಈ ಕಣ್ಣಿಡುವ ಕೆಲಸದ ಬಗ್ಗೆ. ಅದರಲ್ಲೂ ಒಂದೇ ಒಂದು ಸಂಗತಿಯ ಬಗ್ಗೆ. ಜಾಲ ಕಾಯುವ ಕೆಲಸಕ್ಕೆ ಈಗ ಎಐ ಏಜೆಂಟ್‌ಗಳು ಬರುತ್ತಿವೆ. ಅವುಗಳ ಕೈಗೆ ನಾವು ಟೂಲ್‌ಗಳನ್ನು ಕೊಡುತ್ತೇವೆ. ಪ್ರತಿ ಟೂಲ್‌ಗೂ ಒಂದು ವಿವರಣೆ ಬರೆಯಬೇಕು. ಆ ವಿವರಣೆ ಸರಿಯಾಗಿಲ್ಲದಿದ್ದರೆ ನಿಮ್ಮೂರಿನ ನೆಟ್ ರಿಪೇರಿಯಾಗುವುದು ತಡವಾಗುತ್ತದೆ. ಸರಿಯಾಗಿದ್ದರೆ ಬೇಗ ಆಗುತ್ತದೆ. ನನ್ನ ಮಾತು ಇಷ್ಟರ ಸುತ್ತಲೇ ಇರುತ್ತದೆ.

ಮೊದಲು ಏಜೆಂಟ್ ಅಂದರೆ ಏನು ಎಂದು ನೋಡೋಣ. ಅದು ಕೃತಕ ಬುದ್ಧಿಮತ್ತೆಯ ಒಂದು ಪ್ರೋಗ್ರಾಂ. ನಾವಾಡುವ ಮಾತಿನಲ್ಲೇ ಅದನ್ನು ಕೇಳಬಹುದು. "ನಿನ್ನೆ ರಾತ್ರಿ 8 ಗಂಟೆಗೆ ಕಲ್ಯಾಣದುರ್ಗದಲ್ಲಿ ನೆಟ್ ಯಾಕೆ ನಿಧಾನವಾಗಿತ್ತು?" ಎಂದು ಕೇಳಿದರೆ, ಅದು ತಾನೇ ಹುಡುಕಿ ಉತ್ತರ ಕೊಡಬೇಕು. ಹುಡುಕುವುದು ಹೇಗೆ? ಅದಕ್ಕೆ ಕಣ್ಣಿಲ್ಲ. ಕಂಬ ಹತ್ತಲಾರದು. ಸಬ್‌ಸ್ಟೇಷನ್ನಿನ ಬಾಗಿಲು ತೆರೆಯಲಾರದು. ಅದರ ಬಳಿ ಇರುವುದು ಟೂಲ್‌ಗಳ ಒಂದು ಪಟ್ಟಿ. ಒಂದು ಟೂಲ್ ಟ್ರಾಫಿಕ್ಕನ್ನು, ಅಂದರೆ ಜಾಲದಲ್ಲಿ ಹಾಯುವ ಮಾಹಿತಿಯನ್ನು, ಅಳೆಯುತ್ತದೆ. ಇನ್ನೊಂದು ಬೆಳಕಿನ ಶಕ್ತಿ ಅಳೆಯುತ್ತದೆ. ಮತ್ತೊಂದು ಹಳೆಯ ದೂರುಗಳನ್ನು ತೆಗೆದುಕೊಡುತ್ತದೆ.

ಪ್ರತಿ ಟೂಲ್‌ಗೂ ಒಂದು ಹೆಸರು ಇರುತ್ತದೆ. ಒಂದು ವಿವರಣೆ ಇರುತ್ತದೆ. ಅದನ್ನು ನಡೆಸಲು ಏನೇನು ಕೊಡಬೇಕು ಎಂಬ ಪಟ್ಟಿ ಇರುತ್ತದೆ. ಏಜೆಂಟ್ ಇವನ್ನು ಓದಿ, ಯಾವ ಟೂಲ್ ಬೇಕೆಂದು ತಾನೇ ಆರಿಸಿಕೊಳ್ಳುತ್ತದೆ. 2024ರ ನವೆಂಬರ್‌ನಲ್ಲಿ ಆಂತ್ರೊಪಿಕ್ ಎಂಬ ಕಂಪನಿ ಇದಕ್ಕೊಂದು ಸಾಮಾನ್ಯ ಪದ್ಧತಿಯನ್ನು ಎಲ್ಲರಿಗೂ ತೆರೆದಿಟ್ಟಿತು. ಎಂಸಿಪಿ ಎಂದು ಅದರ ಹೆಸರು. ಬೇರೆ ಬೇರೆ ಕಂಪನಿಗಳ ಏಜೆಂಟ್‌ಗಳೂ ಇವತ್ತು ಅದೇ ಪದ್ಧತಿಯಲ್ಲಿ ಟೂಲ್‌ಗಳನ್ನು ಬಳಸುತ್ತವೆ. ಎಲ್ಲದರಲ್ಲೂ ಆ ವಿವರಣೆಯ ಜಾಗ ಒಂದು ಇದ್ದೇ ಇರುತ್ತದೆ. ಅಲ್ಲಿ ಬರೆಯುವವನು ಮನುಷ್ಯ. ಬಹಳ ಸಲ ಅವಸರದಲ್ಲಿ ಬರೆಯುತ್ತಾನೆ. "ಟ್ರಾಫಿಕ್ ಮಾಹಿತಿ ಕೊಡುತ್ತದೆ" ಎಂದು ಒಂದು ಸಾಲು ಬರೆದು ಮುಂದಕ್ಕೆ ಹೋಗಿಬಿಡುತ್ತಾನೆ.

ಆ ಒಂದು ಸಾಲು ಏಕೆ ಸಾಲದು? ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಜಾಲದ ಯಂತ್ರಗಳನ್ನು ದೂರದಿಂದ ವಿಚಾರಿಸುವ ಪದ್ಧತಿ ಹೊಸದಲ್ಲ. ಎಸ್‌ಎನ್‌ಎಂಪಿ ಎಂಬ ಪದ್ಧತಿ 1988ರಿಂದ ಬಳಕೆಯಲ್ಲಿದೆ. ಯಂತ್ರದಲ್ಲಿ ಏನೇನು ಎಣಿಕೆ ಇಡಬೇಕು ಎಂಬುದರ ದೊಡ್ಡ ಪಟ್ಟಿಯೊಂದು 1991ರ ಮಾರ್ಚ್‌ನಲ್ಲಿ ಪ್ರಕಟವಾಯಿತು. ಕೀತ್ ಮೆಕ್‌ಕ್ಲಾಗ್ರಿ ಮತ್ತು ಮಾರ್ಷಲ್ ರೋಸ್ ಅದರ ಸಂಪಾದಕರು. ಆ ಪಟ್ಟಿಯ ಒಂದು ಗುಣ ನನಗೆ ಬಹಳ ಮೆಚ್ಚುಗೆ. ಪ್ರತಿ ಎಣಿಕೆಯ ಕೆಳಗೂ ಒಂದು ವಿವರಣೆ ಇದೆ. ಒಂದು ಪೋರ್ಟ್‌ಗೆ, ಅಂದರೆ ಕೇಬಲ್ ಸೇರುವ ಜಾಗಕ್ಕೆ, ಬಂದ ಬೈಟ್‌ಗಳ ಎಣಿಕೆ ಎಂದರೆ, ಅದರಲ್ಲಿ ಏನೇನು ಸೇರಿದೆ ಎಂಬುದನ್ನೂ ಅಲ್ಲೇ ಹೇಳಿದ್ದರು. ಓದುವವನು ಒಬ್ಬ ಎಂಜಿನಿಯರ್ ಎಂದು ಭಾವಿಸಿ ಬರೆದದ್ದು ಅದು. ಬಿಟ್ಟುಹೋದದ್ದನ್ನು ಎಂಜಿನಿಯರ್ ತನ್ನ ಅನುಭವದಿಂದ ತುಂಬಿಕೊಳ್ಳುತ್ತಿದ್ದ.

ಅಂಥ ಒಂದು ಸಂಗತಿ ಹೇಳುತ್ತೇನೆ. ಹಳೆಯ ಎಣಿಕೆಗೆ ಒಂದು ಮಿತಿ ಇತ್ತು. ಅದು ಸುಮಾರು 430 ಕೋಟಿ ಬೈಟ್‌ವರೆಗೆ ಎಣಿಸಿ, ಮತ್ತೆ ಸೊನ್ನೆಯಿಂದ ಶುರು ಮಾಡುತ್ತಿತ್ತು. ಜಾಲ ನಿಧಾನವಾಗಿದ್ದ ಕಾಲಕ್ಕೆ ಅದು ಸಾಕಾಗಿತ್ತು. ಆದರೆ ಒಂದು ಗಿಗಾಬಿಟ್ ವೇಗದ ದಾರಿ ತುಂಬಿ ಹರಿದರೆ ಆ ಎಣಿಕೆ 34 ಸೆಕೆಂಡಿಗೇ ಮುಗಿದು ಸೊನ್ನೆಗೆ ಬರುತ್ತದೆ. ನಾವು 5 ನಿಮಿಷಕ್ಕೊಮ್ಮೆ ಓದುತ್ತಿದ್ದರೆ? ನಡುವೆ ಎಂಟೊಂಬತ್ತು ಸಲ ಸೊನ್ನೆಯಾಗಿರುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ವೇಗದ ದಾರಿಗಳಿಗೆ ದೊಡ್ಡ ಎಣಿಕೆ ಬಂತು. ಅದೇ ವೇಗದಲ್ಲಿ ಅದು ತುಂಬಲು 4 ಸಾವಿರ ವರ್ಷಕ್ಕೂ ಹೆಚ್ಚು ಬೇಕು. ಇಂದಿನ ಯಂತ್ರಗಳಲ್ಲಿ ಎರಡೂ ಎಣಿಕೆಗಳಿವೆ, ಹಳೆಯದೂ ಹೊಸದೂ.

ಅನುಭವವಿರುವ ಎಂಜಿನಿಯರ್ ದೊಡ್ಡದನ್ನೇ ಓದುತ್ತಾನೆ. ಏಜೆಂಟ್‌ಗೆ ಎರಡು ಟೂಲ್ ಕೊಟ್ಟು, ಎರಡಕ್ಕೂ "ಟ್ರಾಫಿಕ್ ಮಾಹಿತಿ ಕೊಡುತ್ತದೆ" ಎಂದೇ ಬರೆದಿದ್ದರೆ, ಅದು ಯಾವುದನ್ನಾದರೂ ಹಿಡಿಯಬಹುದು. ಹಳೆಯದನ್ನು ಹಿಡಿದರೆ, ತುಂಬಿ ತುಳುಕುತ್ತಿರುವ ದಾರಿ ಅದಕ್ಕೆ ಖಾಲಿಯಾಗಿ ತೋರುತ್ತದೆ. ಆಮೇಲೆ ಪೂರ್ತಿ ಭರವಸೆಯಿಂದ "ಕಲ್ಯಾಣದುರ್ಗದಲ್ಲಿ ಟ್ರಾಫಿಕ್ ಕಡಿಮೆ ಇತ್ತು, ತೊಂದರೆ ಏನೂ ಇಲ್ಲ" ಎಂದು ಹೇಳಿಬಿಡುತ್ತದೆ. ಇದರಲ್ಲಿ ನನಗೆ ಭಯ ಹುಟ್ಟಿಸುವುದು ಆ ಭರವಸೆ. ಗೊತ್ತಿಲ್ಲ ಎಂದು ಹೇಳಿದ್ದರೆ ಯಾರಾದರೂ ಹೋಗಿ ನೋಡುತ್ತಿದ್ದರು.

ಇಲ್ಲಿಯವರೆಗೆ ಹೇಳಿದ್ದನ್ನು ಒಮ್ಮೆ ಕೂಡಿಸಿಕೊಳ್ಳೋಣ. ಏಜೆಂಟ್ ಜಾಲವನ್ನು ತಿಳಿಯುವುದು ಟೂಲ್‌ಗಳ ಮೂಲಕ. ಟೂಲ್‌ಗಳನ್ನು ತಿಳಿಯುವುದು ನಾವು ಬರೆದ ವಿವರಣೆಯ ಮೂಲಕ. ಎಂಜಿನಿಯರನ ತಲೆಯಲ್ಲಿದ್ದು ಕಾಗದಕ್ಕೆ ಇಳಿಯದ ಸಂಗತಿ ಏಜೆಂಟ್‌ಗೆ ಗೊತ್ತಾಗುವುದಿಲ್ಲ. ಈಗ, ಯಾವ ಯಾವ ಸಂಗತಿಗಳು ಹೀಗೆ ತಲೆಯಲ್ಲೇ ಉಳಿದುಬಿಡುತ್ತವೆ ಎಂದು ನೋಡೋಣ.

ಮೊದಲನೆಯದು ಅಳತೆ. ಜಾಲದ ವೇಗವನ್ನು ಬಿಟ್‌ನಲ್ಲಿ ಹೇಳುತ್ತೇವೆ. ಎಣಿಕೆ ಇಡುವುದು ಬೈಟ್‌ನಲ್ಲಿ. ಒಂದು ಬೈಟ್‌ಗೆ 8 ಬಿಟ್. ಟೂಲ್ ಯಾವುದನ್ನು ಕೊಡುತ್ತದೆ ಎಂದು ಬರೆಯದಿದ್ದರೆ ಉತ್ತರ 8 ಪಟ್ಟು ಹೆಚ್ಚೋ ಕಡಿಮೆಯೋ ಆಗುತ್ತದೆ. ಇನ್ನು ಮಾದರಿ ತೆಗೆಯುವುದು. ದೊಡ್ಡ ದಾರಿಗಳಲ್ಲಿ ಹಾಯುವ ಪ್ರತಿ ಪ್ಯಾಕೆಟ್ಟನ್ನೂ ಬರೆದಿಡುವುದಿಲ್ಲ. ಸಾವಿರಕ್ಕೆ ಒಂದನ್ನು ನೋಡಿ ಲೆಕ್ಕ ಹಾಕುತ್ತಾರೆ. ಟೂಲ್ ಕೊಟ್ಟ ಅಂಕಿಯನ್ನು ಸಾವಿರದಿಂದ ಗುಣಿಸಬೇಕೇ, ಅಥವಾ ಅದು ಆಗಲೇ ಗುಣಿಸಿ ಕೊಟ್ಟಿದೆಯೇ? ಒಂದು ವಾಕ್ಯದ ಕೆಲಸ. ಆ ವಾಕ್ಯ ಇಲ್ಲದಿದ್ದರೆ ಲೆಕ್ಕ ಸಾವಿರ ಪಟ್ಟು ತಪ್ಪುತ್ತದೆ.

ಎರಡನೆಯದು ಹೊತ್ತು. ನಮ್ಮ ಗಡಿಯಾರ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿದೆ. ಬಹುಪಾಲು ಯಂತ್ರಗಳು ಒಳಗೊಳಗೆ ಗ್ರೀನಿಚ್ ಲೆಕ್ಕದ ಹೊತ್ತನ್ನೇ ಇಟ್ಟುಕೊಳ್ಳುತ್ತವೆ. ಮತ್ತೆ ಆ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ನಿನ್ನೆ ರಾತ್ರಿ 8 ಗಂಟೆಗೆ ಕಲ್ಯಾಣದುರ್ಗದಲ್ಲಿ ನೆಟ್ ನಿಧಾನ. ಏಜೆಂಟ್ 8 ಗಂಟೆ ಎಂದು ಹಾಗೆಯೇ ಟೂಲ್‌ಗೆ ಕೊಟ್ಟಿತು ಎನ್ನೋಣ. ಟೂಲ್ ಅದನ್ನು ಗ್ರೀನಿಚ್ ಹೊತ್ತೆಂದು ತಿಳಿದು, ನಮ್ಮ ಬೆಳಗಿನ ಜಾವ ಒಂದೂವರೆ ಗಂಟೆಯ ಅಂಕಿ ಕೊಟ್ಟಿತು. ಆ ಹೊತ್ತಿಗೆ ಊರೆಲ್ಲ ಮಲಗಿರುತ್ತದೆ. ಜಾಲ ಸಹಜವಾಗಿಯೇ ಖಾಲಿ.

ಮೂರನೆಯದು ಖಾಲಿ ಉತ್ತರ. ಇದನ್ನು ಬಹಳ ಜನ ಮರೆಯುತ್ತಾರೆ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ ಒಂದು ನಿರ್ದೇಶನ ಹೊರಡಿಸಿತು. ಅದರ ಪ್ರಕಾರ ಸೇವೆ ಕೊಡುವವರು ತಮ್ಮ ಯಂತ್ರಗಳ ಲಾಗ್‌ಗಳನ್ನು, ಅಂದರೆ ದಾಖಲೆಗಳನ್ನು, 180 ದಿನ ಕಾಪಾಡಿಕೊಳ್ಳಬೇಕು. ಆದರೆ ನಿಮಿಷ ನಿಮಿಷದ ಟ್ರಾಫಿಕ್ ಅಂಕಿಗಳ ಕಥೆ ಬೇರೆ. ಜಾಗ ಸಾಲದೆ ಅವನ್ನು ಕೆಲವೇ ದಿನ ಇಟ್ಟು, ಆಮೇಲೆ ಸರಾಸರಿ ಮಾತ್ರ ಉಳಿಸಿಕೊಳ್ಳುವುದು ಸಾಮಾನ್ಯ. ಎರಡು ತಿಂಗಳ ಹಿಂದಿನದನ್ನು ಕೇಳಿದರೆ ಟೂಲ್ ಏನೂ ಕೊಡುವುದಿಲ್ಲ. ಏಜೆಂಟ್ ಅದನ್ನು "ಆ ದಿನ ಟ್ರಾಫಿಕ್ಕೇ ಇರಲಿಲ್ಲ" ಎಂದು ಓದಿಕೊಳ್ಳಬಹುದು. ಆದ್ದರಿಂದ ವಿವರಣೆಯಲ್ಲಿ ಒಂದು ವಾಕ್ಯ ಬೇಕು. "ಉತ್ತರ ಖಾಲಿ ಬಂದರೆ ಅಂಕಿ ಉಳಿದಿಲ್ಲ ಎಂದರ್ಥ, ಟ್ರಾಫಿಕ್ ಇರಲಿಲ್ಲ ಎಂದಲ್ಲ."

ಅಳತೆ, ಹೊತ್ತು, ಖಾಲಿ ಉತ್ತರ, ಇವು ಎಲ್ಲ ಊರಿಗೂ ಒಂದೇ. ನಮ್ಮ ಸೀಮೆಗೇ ಸೇರಿದ ಒಂದು ತೊಡಕಿದೆ. ಅದು ಊರಿನದು, ಜಿಲ್ಲೆಯದು.

2022ರ ಏಪ್ರಿಲ್ 4ರವರೆಗೆ ಹಿಂದೂಪುರವೂ ಕಲ್ಯಾಣದುರ್ಗವೂ ಒಂದೇ ಅನಂತಪುರ ಜಿಲ್ಲೆಯಲ್ಲಿದ್ದವು. ಅಂದು ಆಂಧ್ರದಲ್ಲಿ ಹೊಸ ಜಿಲ್ಲೆಗಳಾದವು. ಹಿಂದೂಪುರ, ಮಡಕಶಿರ, ಪೆನುಕೊಂಡ ಎಲ್ಲ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದವು. ಪುಟ್ಟಪರ್ತಿ ಅದರ ಕೇಂದ್ರವಾಯಿತು. ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಜನರಿಗೆ ಇದು ಗೊತ್ತು. ಆದರೆ ಅದಕ್ಕೂ ಮೊದಲೇ ಕಟ್ಟಿದ ಒಂದು ಜಾಲದ ದಾಖಲೆಯಲ್ಲಿ ಪ್ರತಿ ಯಂತ್ರದ ಮುಂದೆ ಯಾವ ಜಿಲ್ಲೆ ಬರೆದಿರಬಹುದು? 2022ಕ್ಕೆ ಮೊದಲಿನದಾದರೆ ಹಿಂದೂಪುರದ ಮುಂದೆ ಅನಂತಪುರ ಎಂದೇ ಇರುತ್ತದೆ. ಆಮೇಲೆ ಇಟ್ಟ ಯಂತ್ರದ ಮುಂದೆ ಸತ್ಯಸಾಯಿ ಎಂದಿರುತ್ತದೆ. ಒಂದೇ ಊರಿನ ಯಂತ್ರಗಳು ಎರಡು ಜಿಲ್ಲೆಗಳಲ್ಲಿ ಹಂಚಿಹೋಗುತ್ತವೆ. ಏಜೆಂಟ್‌ಗೆ "ಸತ್ಯಸಾಯಿ ಜಿಲ್ಲೆಯ ಒಟ್ಟು ಟ್ರಾಫಿಕ್ ಎಷ್ಟು?" ಎಂದು ಕೇಳಿದರೆ ಅರ್ಧ ಹಿಂದೂಪುರ ಲೆಕ್ಕಕ್ಕೇ ಬರುವುದಿಲ್ಲ.

ಹೆಸರಿನದೂ ಹೀಗೆಯೇ. ನಾವು ಕಲ್ಯಾಣದುರ್ಗ ಎನ್ನುತ್ತೇವೆ. ತೆಲುಗಿನವರು ಕಲ್ಯಾಣದುರ್ಗಂ ಎನ್ನುತ್ತಾರೆ. ಹಿಂದೂಪುರ, ಹಿಂದೂಪುರಂ ಎರಡೂ ನಡೆಯುತ್ತವೆ. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬೊಬ್ಬರದು ಒಂದೊಂದು ಕಾಗುಣಿತ. ಊರಿನ ಹೆಸರನ್ನು ಕೇಳುವ ಟೂಲ್ ಇದ್ದರೆ, ಯಾವ ಹೆಸರು ಕೊಟ್ಟರೆ ಕೆಲಸ ಮಾಡುತ್ತದೆ ಎಂದು ವಿವರಣೆಯಲ್ಲೇ ಇರಬೇಕು. ಅದಕ್ಕಿಂತ ಒಳ್ಳೆಯದು, ಯಾವ ಭಾಷೆಯಲ್ಲಿ ಕೇಳಿದರೂ ಸರಿಯಾದ ಸಂಕೇತ ಸಂಖ್ಯೆ ಹುಡುಕಿಕೊಡುವ ಟೂಲ್ ಒಂದನ್ನು ಬೇರೆಯಾಗಿ ಇಡುವುದು. ಗಡಿಸೀಮೆಯಲ್ಲಿ ದೂರು ಹೇಳುವವರು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಹೇಳುತ್ತಾರೆ. ಯಾವ ಭಾಷೆಯಲ್ಲಿ ಹೇಳಿದರೂ ಅವರ ಊರು ಸಿಕ್ಕಬೇಕು.

ಗುರುತನ್ನು ಬಿಡದೆ ಬರೆದಿಡುವುದು ನಮಗೆ ಹೊಸದಲ್ಲ. ನಮ್ಮ ಸೀಮೆಯ ಹಳೆಯ ಕನ್ನಡ ದಾನಶಾಸನಗಳಲ್ಲಿ ಒಂದು ಪದ್ಧತಿ ಕಾಣುತ್ತದೆ. ಭೂಮಿ ಕೊಟ್ಟರೆ ಅದರ ಎಲ್ಲೆಯನ್ನು ದಿಕ್ಕು ದಿಕ್ಕಿಗೂ ಹೇಳುತ್ತಾರೆ. ಮೂಡಲಿಗೆ ಕೆರೆ, ತೆಂಕಲಿಗೆ ಹಳ್ಳ, ಪಡುವಲಿಗೆ ನೆಟ್ಟ ಕಲ್ಲು, ಬಡಗಲಿಗೆ ಹುತ್ತ, ಹೀಗೆ. ಎಲ್ಲಿಂದ ಎಲ್ಲಿಯವರೆಗೆ ಕೊಟ್ಟಿದ್ದೇವೆ, ಎಲ್ಲಿಂದಾಚೆ ಕೊಟ್ಟಿಲ್ಲ ಎಂಬುದು ಕಲ್ಲಿನಲ್ಲೇ ಇರುತ್ತಿತ್ತು. ಊರನ್ನು ಕಂಡಿರದವನು ಓದಿದರೂ ತಿಳಿಯಬೇಕು ಎಂಬ ಎಚ್ಚರ ಅದರಲ್ಲಿದೆ. ಟೂಲ್‌ನ ವಿವರಣೆಗೆ ನಾನು ಕೇಳುವುದೂ ಆ ಎಚ್ಚರವನ್ನೇ. ಟೂಲ್ ಏನು ಮಾಡುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಬರೆಯುವವರು ಕಡಿಮೆ.

ಸರಿ, ಇಷ್ಟು ಹೊತ್ತು ಅಳತೆ, ಹೊತ್ತು, ಖಾಲಿ ಉತ್ತರ, ಊರಿನ ಗುರುತು, ಇವುಗಳ ಬಗ್ಗೆ ಹೇಳಿದೆ. ಈಗ ಒಂದೇ ಒಂದು ಟೂಲ್ ತೆಗೆದುಕೊಂಡು ಅದರ ವಿವರಣೆಯನ್ನು ಪೂರ್ತಿಯಾಗಿ ಬರೆದು ನೋಡೋಣ. ಇದಕ್ಕೆ ನಿಮ್ಮ ಮನೆಯಲ್ಲಿರುವ ಬಾಕ್ಸ್‌ನಿಂದಲೇ ಶುರು ಮಾಡಬೇಕು.

ಫೈಬರ್ ಬಂದು ಸೇರುವ ಬಾಕ್ಸ್ ನಿಮ್ಮ ಮನೆಯ ಗೋಡೆಯ ಮೇಲಿರುತ್ತದೆ. ಅದರ ಮೇಲೆ ಚಿಕ್ಕ ದೀಪಗಳಿವೆ. ಎಲ್ಲ ಸರಿಯಿದ್ದರೆ ಹಸಿರು. ಒಂದು ದಿನ ಕೆಂಪು ದೀಪ ಮಿನುಗಲು ಶುರುವಾಗುತ್ತದೆ. ನೀವು ಕೇಬಲ್‌ನವರಿಗೆ ಫೋನ್ ಮಾಡುತ್ತೀರಿ. "ಏನಣ್ಣ, ಬೆಳಗ್ಗೆಯಿಂದ ನೆಟ್ ಬರ್ತಾ ಇಲ್ಲ, ಬಾಕ್ಸ್‌ನಾಗೆ ಕೆಂಪು ಲೈಟ್ ಹೊಡ್ಕೊಳ್ತಾ ಐತೆ" ಎನ್ನುತ್ತೀರಿ. ಅವರಿಗೆ ಅಷ್ಟು ಸಾಕು. ಬಾಕ್ಸ್‌ಗೆ ಕರೆಂಟ್ ಇದೆ, ಬೆಳಕು ಬರುತ್ತಿಲ್ಲ, ಅಂದರೆ ಫೈಬರ್ ಎಲ್ಲೋ ಕಟ್ ಆಗಿದೆ ಎಂದು ಅವರು ತಿಳಿಯುತ್ತಾರೆ. ಬಾಕ್ಸ್‌ನಲ್ಲಿ ದೀಪವೇ ಇಲ್ಲ ಎಂದು ನೀವು ಹೇಳಿದ್ದರೆ "ಕರೆಂಟ್ ಐತಾ ನೋಡಿ" ಎಂದು ಅವರು ಕೇಳುತ್ತಿದ್ದರು. ದೀಪ ನೋಡಿದ ಮನುಷ್ಯನಿಗೆ ಎರಡೂ ಬೇರೆ ಬೇರೆ ಎಂದು ಕೂಡಲೇ ಗೊತ್ತಾಗುತ್ತದೆ.

ದೂರದಲ್ಲಿರುವ ಯಂತ್ರಕ್ಕೆ? ಸಬ್‌ಸ್ಟೇಷನ್ನಿನಲ್ಲಿರುವ ಯಂತ್ರಕ್ಕೆ ಎರಡೂ ಒಂದೇ ಥರ. ಮನೆಯ ಬಾಕ್ಸ್ ಉತ್ತರ ಕೊಡುತ್ತಿಲ್ಲ, ಅಷ್ಟೇ. ಈ ವ್ಯತ್ಯಾಸ ತಿಳಿಯಲೆಂದೇ ಒಂದು ಏರ್ಪಾಡು ಮಾಡಿದ್ದಾರೆ. ಮನೆಯಲ್ಲಿ ಕರೆಂಟ್ ಹೋದ ಕ್ಷಣ, ಬಾಕ್ಸ್ ತನ್ನೊಳಗೆ ಉಳಿದ ಚೂರು ವಿದ್ಯುತ್ತಿನಲ್ಲಿ ಒಂದು ಕೊನೆಯ ಸಂದೇಶ ಕಳಿಸಿ ನಿಲ್ಲುತ್ತದೆ. ನಮ್ಮ ಕೆಲಸದವರು ಅದನ್ನು ಡೈಯಿಂಗ್ ಗ್ಯಾಸ್ಪ್ ಎನ್ನುತ್ತಾರೆ. ಆ ಸಂದೇಶ ಬಂದಿದ್ದರೆ ಕರೆಂಟ್ ಹೋಗಿದೆ. ಬಾರದೆ ಬಾಕ್ಸ್ ನಿಂತಿದ್ದರೆ ಫೈಬರ್ ಕಟ್ ಆಗಿರುವ ಸಂಭವ ಹೆಚ್ಚು. ಸಂಭವ ಎಂದೇಕೆ ಹೇಳಿದೆ? ಕೆಲವು ಬಾಕ್ಸ್‌ಗಳಿಗೆ ಆ ಸಂದೇಶ ಕಳಿಸುವ ಶಕ್ತಿ ಇರುವುದಿಲ್ಲ. ಹಳೆಯದಾದವು ಕೆಲವು ಸಲ ಕಳಿಸಲಾಗದೆ ನಿಲ್ಲುತ್ತವೆ.

ಒಂದು ಫೈಬರ್ ಎಳೆಯನ್ನು ಸ್ಪ್ಲಿಟರ್ ಎಂಬ ಚಿಕ್ಕ ಸಾಧನ 32 ಮನೆಗಳಿಗೆ, ಕೆಲವು ಕಡೆ 64 ಮನೆಗಳಿಗೆ ಹಂಚುತ್ತದೆ. ಒಂದೇ ಮನೆ ನಿಂತರೆ ತೊಂದರೆ ಆ ಮನೆಯ ಹತ್ತಿರ. 32 ಮನೆಗಳೂ ಒಟ್ಟಿಗೆ, ಸಂದೇಶವಿಲ್ಲದೆ ನಿಂತರೆ ಸ್ಪ್ಲಿಟರ್‌ಗೂ ಮೇಲೆ ಎಲ್ಲೋ ಕೇಬಲ್ ಹೋಗಿದೆ. ಒಟ್ಟಿಗೆ ಸಂದೇಶ ಕೊಟ್ಟು ನಿಂತರೆ ಆ ಬೀದಿಯ ಕರೆಂಟ್ ಹೋಗಿದೆ. ನಮ್ಮಲ್ಲಿ ಇನ್ನೊಂದು ಕಷ್ಟವಿದೆ. ಕೇಬಲ್ ಇರುವುದು ಕರೆಂಟ್ ಕಂಬದ ಮೇಲೆ. ಗಾಳಿಗೆ ಮರ ಬಿದ್ದು ಕಂಬ ವಾಲಿದರೆ ಕರೆಂಟೂ ಹೋಗುತ್ತದೆ, ಫೈಬರೂ ಹೋಗುತ್ತದೆ. ಯಾವುದು ಮೊದಲು ಹೋಯಿತು ಎಂಬುದರ ಮೇಲೆ ಸಂದೇಶ ಬರುವುದೂ ಬಾರದಿರುವುದೂ ನಿಂತಿದೆ. ನೆಲದೊಳಗೆ ಕೇಬಲ್ ಹೂತಿರುವ ಊರಿನವರು ಬರೆದ ವಿವರಣೆಯಲ್ಲಿ ಈ ಮಾತು ಬರುವುದೇ ಇಲ್ಲ. ಇದನ್ನು ನಮ್ಮ ಕಡೆಯವರೇ ಬರೆಯಬೇಕು.

ಈಗ ವಿವರಣೆಯನ್ನು ಓದುತ್ತೇನೆ. ಮೊದಲು ಸಾಮಾನ್ಯವಾಗಿ ಬರೆಯುವ ರೀತಿ. "ಗ್ರಾಹಕರ ಬಾಕ್ಸ್ ಸ್ಥಿತಿ ತೋರಿಸುತ್ತದೆ." ಮುಗಿಯಿತು.

ಬರೆಯಬೇಕಾದದ್ದು ಹೀಗೆ. "ಒಂದು ಸ್ಪ್ಲಿಟರ್‌ನ ಕೆಳಗಿರುವ ಎಲ್ಲ ಬಾಕ್ಸ್‌ಗಳ ಈ ಕ್ಷಣದ ಸ್ಥಿತಿ ಕೊಡುತ್ತದೆ. ಸ್ಪ್ಲಿಟರ್ ಸಂಖ್ಯೆ ಬೇಕು. ಊರಿನ ಹೆಸರು ಮಾತ್ರ ಇದ್ದರೆ ಮೊದಲು ಊರು ಹುಡುಕುವ ಟೂಲ್ ಬಳಸಿ. ಪ್ರತಿ ಬಾಕ್ಸ್‌ಗೂ ಮೂರರಲ್ಲಿ ಒಂದು ಉತ್ತರ ಬರುತ್ತದೆ. ನಡೆಯುತ್ತಿದೆ. ಕರೆಂಟ್ ಹೋದ ಸಂದೇಶ ಕೊಟ್ಟು ನಿಂತಿದೆ. ಸಂದೇಶ ಕೊಡದೆ ನಿಂತಿದೆ. ಮೂರನೆಯದು ಫೈಬರ್ ಕಟ್ ಎಂಬುದಕ್ಕೆ ಸುಳಿವು, ಆದರೆ ಖಾತ್ರಿಯಲ್ಲ. ಹಳೆಯ ಬಾಕ್ಸ್‌ಗಳು ಸಂದೇಶ ಕೊಡದೆಯೂ ನಿಲ್ಲುತ್ತವೆ. ಕೇಬಲ್ ಕರೆಂಟ್ ಕಂಬದ ಮೇಲೆ ಇರುವುದರಿಂದ ಎರಡೂ ಕಾರಣ ಒಟ್ಟಿಗೆ ಇರಬಹುದು. ಕರೆಂಟ್ ಬಂದ ಮೇಲೂ ಬಾಕ್ಸ್‌ಗಳು ಎದ್ದೇಳದಿದ್ದರೆ ಫೈಬರ್ ನೋಡಲು ಜನ ಕಳಿಸಿ. ಈ ಟೂಲ್ ಹಿಂದಿನ ದಿನಗಳ ಸ್ಥಿತಿ ಕೊಡುವುದಿಲ್ಲ. ಯಾವ ಯಂತ್ರದಲ್ಲೂ ಏನನ್ನೂ ಬದಲಿಸುವುದಿಲ್ಲ."

ಇದನ್ನು ಓದಲು ನನಗೆ ಒಂದು ನಿಮಿಷ ಹಿಡಿಯಿತು. ಉದ್ದವಾಯಿತು ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೋ ಹುಡುಗಿಗೋ ಮೊದಲ ದಿನ ಇಷ್ಟನ್ನೂ ಹೇಳಿಯೇ ಹೇಳುತ್ತೇವೆ. ಕಡಿಮೆ ಮಾಡುವುದಾದರೆ ಟೂಲ್‌ಗಳ ಸಂಖ್ಯೆಯನ್ನು ಕಡಿಮೆ ಮಾಡಬೇಕು. ಒಂದೇ ಕೆಲಸಕ್ಕೆ ನಾಲ್ಕು ಟೂಲ್ ಇಟ್ಟು ಏಜೆಂಟ್‌ನ ದಾರಿ ತಪ್ಪಿಸುವುದಕ್ಕಿಂತ ಒಂದನ್ನೇ ಇಟ್ಟು ಚೆನ್ನಾಗಿ ವಿವರಿಸುವುದು ಮೇಲು.

ಬೆಳಕಿನ ಶಕ್ತಿ ಅಳೆಯುವ ಟೂಲ್‌ಗೂ ಹೀಗೆಯೇ ಬರೆಯಬೇಕು. ಆ ಅಳತೆ ಮೈನಸ್‌ನಲ್ಲಿ ಬರುತ್ತದೆ. ಮೈನಸ್ 20 ಚೆನ್ನಾಗಿದೆ. ಮೈನಸ್ 27ರ ಹತ್ತಿರ ಬಂದರೆ ಬಾಕ್ಸ್ ತಡಬಡಾಯಿಸುತ್ತದೆ. ಅಳತೆ ಮೂರು ಅಂಕ ಕುಸಿದರೆ ಬೆಳಕು ಅರ್ಧಕ್ಕೆ ಇಳಿದಿದೆ ಎಂದರ್ಥ. ಮೈನಸ್ ಚಿಹ್ನೆ ಬಿಟ್ಟು ಬರೆದರೆ 27 ದೊಡ್ಡದು, 20 ಚಿಕ್ಕದು ಎಂದಾಗಿ ಎಲ್ಲ ತಲೆಕೆಳಗಾಗುತ್ತದೆ.

ಒಂದು ಟೂಲ್‌ನ ವಿವರಣೆಯನ್ನು ಪೂರ್ತಿ ನೋಡಿದೆವು. ಅದರ ಕೊನೆಯ ವಾಕ್ಯ ನೆನಪಿದೆಯೇ? ಯಾವ ಯಂತ್ರದಲ್ಲೂ ಏನನ್ನೂ ಬದಲಿಸುವುದಿಲ್ಲ ಎಂಬುದು. ಈಗ ಆ ವಾಕ್ಯದ ಮಹತ್ವ ಹೇಳುತ್ತೇನೆ.

ಟೂಲ್‌ಗಳಲ್ಲಿ ಎರಡು ಬಗೆ. ನೋಡುವ ಟೂಲ್‌ಗಳು, ಮಾಡುವ ಟೂಲ್‌ಗಳು. ಪೋರ್ಟ್ ಆಫ್ ಮಾಡಿ ಆನ್ ಮಾಡುವುದು, ಟ್ರಾಫಿಕ್ಕನ್ನು ಬೇರೆ ದಾರಿಗೆ ತಿರುಗಿಸುವುದು, ಇವು ಮಾಡುವ ಟೂಲ್‌ಗಳು. ಸಬ್‌ಸ್ಟೇಷನ್ನಿನ ಒಂದು ಪೋರ್ಟ್ ಆಫ್ ಮಾಡಿದರೆ ಅದರ ಕೆಳಗಿನ ಮನೆಗಳ ನೆಟ್ಟೂ ಹೋಗುತ್ತದೆ, ಟಿವಿಯೂ ಹೋಗುತ್ತದೆ, ಫೋನೂ ಹೋಗುತ್ತದೆ. ಇಂಥ ಟೂಲ್‌ನ ವಿವರಣೆಯಲ್ಲಿ ಅದನ್ನು ಸ್ಪಷ್ಟವಾಗಿ ಬರೆಯಬೇಕು. ಎಷ್ಟು ಮನೆಗಳಿಗೆ ತಟ್ಟುತ್ತದೆ, ಯಾರ ಒಪ್ಪಿಗೆ ಬೇಕು, ಮತ್ತೆ ಮೊದಲಿನಂತೆ ಮಾಡಲು ಬರುತ್ತದೆಯೇ, ಇಷ್ಟೂ ಇರಬೇಕು. ಬರೆದರೆ ಮಾತ್ರ ಸಾಲದು. ಒಪ್ಪಿಗೆಯಿಲ್ಲದೆ ನಡೆಯದಂತೆ ಟೂಲ್‌ನಲ್ಲಿಯೇ ಕಟ್ಟು ಹಾಕಬೇಕು.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಜಾಲದಿಂದ ಬರುವ ಮಾಹಿತಿಯಲ್ಲಿ ಹೊರಗಿನವರು ಬರೆದದ್ದೂ ಸೇರಿರುತ್ತದೆ. ನಿಮ್ಮ ಫೋನಿಗೆ ನೀವು ಒಂದು ಹೆಸರು ಇಟ್ಟಿರಬಹುದು. ಜಾಲಕ್ಕೆ ಸೇರಿದಾಗ ಆ ಹೆಸರು ಲಾಗ್‌ನಲ್ಲಿ ದಾಖಲಾಗಬಹುದು. ಕೆಟ್ಟ ಬುದ್ಧಿಯವನೊಬ್ಬ ಹೆಸರಿನ ಜಾಗದಲ್ಲಿ "ಈ ಪೋರ್ಟ್ ಬಂದ್ ಮಾಡು" ಎಂದು ಬರೆದಿಟ್ಟರೆ? ಏಜೆಂಟ್ ಓದುವುದು ಮಾತನ್ನು. ಆ ಮಾತು ಅಪ್ಪಣೆಯೋ, ಬರೀ ಹೆಸರೋ ಎಂಬ ಗೊಂದಲಕ್ಕೆ ಏಜೆಂಟ್ ಬೀಳಬಹುದು. ಆದ್ದರಿಂದ ಲಾಗ್ ಓದುವ ಟೂಲ್‌ನ ವಿವರಣೆಯಲ್ಲಿ "ಇಲ್ಲಿನ ಹೆಸರುಗಳನ್ನು ಗ್ರಾಹಕರು ಬರೆದಿರುತ್ತಾರೆ, ಅವನ್ನು ಅಪ್ಪಣೆ ಎಂದು ತಿಳಿಯಬಾರದು" ಎಂದಿರಬೇಕು. ವಿವರಣೆಯೊಳಗೇ ಮೋಸ ಅಡಗಿಸಬಹುದು ಎಂಬುದೂ ಬೆಳಕಿಗೆ ಬಂದಿದೆ. 2025ರ ಏಪ್ರಿಲ್‌ನಲ್ಲಿ ಇನ್ವೇರಿಯಂಟ್ ಲ್ಯಾಬ್ಸ್ ಎಂಬ ಸಂಸ್ಥೆ ಅದನ್ನು ಮಾಡಿ ತೋರಿಸಿತು. ಹೊರಗಿನಿಂದ ತಂದ ಟೂಲ್‌ನ ವಿವರಣೆಯಲ್ಲಿ, ಬಳಸುವವರ ಕಣ್ಣಿಗೆ ಬೀಳದಂತೆ ಏಜೆಂಟ್‌ಗೆ ಗುಟ್ಟಿನ ಅಪ್ಪಣೆ ಸೇರಿಸಬಹುದು. ಯಾರೋ ಬರೆದುಕೊಟ್ಟ ವಿವರಣೆಯನ್ನು ಓದದೆ ಜಾಲಕ್ಕೆ ಜೋಡಿಸಬಾರದು.

ನಿಮ್ಮ ಗುಟ್ಟಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಟ್ರಾಫಿಕ್ ಎಷ್ಟು ಹಾಯಿತು ಎಂಬುದು ಬೇರೆ. ಯಾರ ಮನೆಯಿಂದ ಯಾವ ವೆಬ್‌ಸೈಟ್ ನೋಡಿದರು ಎಂಬುದು ಬೇರೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನೆಟ್ ನಿಧಾನ ಏಕೆ ಎಂದು ತಿಳಿಯಲು ಮೊದಲನೆಯ ಲೆಕ್ಕ ಸಾಕು. ಎರಡನೆಯದನ್ನು ಏಜೆಂಟ್‌ನ ಕೈಗೆ ಕೊಡಲೇಬಾರದು ಎಂಬುದು ನನ್ನ ಅಭಿಪ್ರಾಯ. ಕೊಟ್ಟು, ಬಳಸಬೇಡ ಎಂದು ವಿವರಣೆಯಲ್ಲಿ ಬರೆಯುವುದು ಸಾಲದು.

ಇನ್ನು ಉಳಿದಿರುವುದು ಒಂದೇ ಪ್ರಶ್ನೆ. ಈ ವಿವರಣೆಗಳನ್ನು ಬರೆಯಬೇಕಾದವರು ಯಾರು? ಪ್ರೋಗ್ರಾಂ ಬರೆದವರೇ ಬರೆಯುವುದು ರೂಢಿ. ಅವರಿಗೆ ಟೂಲ್ ಗೊತ್ತು. ಹಳೆಯ ಬಾಕ್ಸ್ ಸಂದೇಶ ಕೊಡದೆ ನಿಲ್ಲುತ್ತದೆ ಎಂಬುದು ಗೊತ್ತಿರುವುದು ಕಲ್ಯಾಣದುರ್ಗದಲ್ಲಿ ಏಣಿ ಹೊತ್ತು ತಿರುಗುವವರಿಗೆ. ಯಾವ ಸಬ್‌ಸ್ಟೇಷನ್ನಿನ ಯಂತ್ರಕ್ಕೆ ಯಾವ ಜಿಲ್ಲೆ ಬರೆದಿದೆ ಎಂಬುದು ಗೊತ್ತಿರುವುದು ಹಿಂದೂಪುರದಲ್ಲಿ ದೂರಿನ ಪುಸ್ತಕ ಇಟ್ಟುಕೊಂಡವರಿಗೆ. ಇವರನ್ನು ಕೂರಿಸಿಕೊಳ್ಳದೆ ವಿವರಣೆ ಬರೆಯಬಾರದು. ಅವರು ಕನ್ನಡದಲ್ಲೋ ತೆಲುಗಿನಲ್ಲೋ ಹೇಳಿದರೆ ಸಾಕು. ಬರೆದುಕೊಳ್ಳುವ ಕೆಲಸ ಎಂಜಿನಿಯರದು.

ಬರೆದಾದ ಮೇಲೆ ಪರೀಕ್ಷೆ ಮಾಡಬೇಕು. ಅದಕ್ಕೂ ಆ ದೂರಿನ ಪುಸ್ತಕವೇ ಸಾಕು. ಕಳೆದ ತಿಂಗಳು ಬಂದ ದೂರುಗಳನ್ನು, ಜನ ಹೇಳಿದ ಮಾತಿನಲ್ಲೇ, ಒಂದೊಂದಾಗಿ ಏಜೆಂಟ್‌ಗೆ ಕೊಡಿ. ಅದು ಯಾವ ಟೂಲ್ ಆರಿಸಿಕೊಂಡಿತು, ಯಾವ ಊರು ಕೊಟ್ಟಿತು, ಯಾವ ಹೊತ್ತು ಕೊಟ್ಟಿತು ನೋಡಿ. ಕೊನೆಗೆ ರಿಪೇರಿಗೆ ಹೋದವರು ಕಂಡದ್ದೇನು ಎಂಬುದು ಪುಸ್ತಕದಲ್ಲಿ ಬರೆದಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಡಿ. ಎಲ್ಲಿ ತಪ್ಪಿತೋ ಅಲ್ಲಿ ವಿವರಣೆಯ ವಾಕ್ಯ ತಿದ್ದಿ, ಮತ್ತೆ ಅದೇ ದೂರುಗಳನ್ನು ಕೊಟ್ಟು ನೋಡಿ. ಪ್ರತಿ ವಿವರಣೆಯ ಕೊನೆಗೂ ಅದನ್ನು ತಿದ್ದಿದ ದಿನಾಂಕ ಹಾಕಿ. ಹೊಸ ಜಿಲ್ಲೆಯಾದರೆ, ಹೊಸ ಬಗೆಯ ಬಾಕ್ಸ್ ಬಂದರೆ, ಅಂಕಿ ಇಡುವ ದಿನಗಳು ಬದಲಾದರೆ, ಅಂದೇ ವಿವರಣೆಯೂ ಬದಲಾಗಬೇಕು. ಈ ಕೆಲಸಕ್ಕೆ ಒಬ್ಬರನ್ನು ಗೊತ್ತುಮಾಡಿ, ಅವರ ಹೆಸರನ್ನು ದೂರಿನ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.